ಏಳನೆಯ ನೀರಿಗೆ ಹಸಿವು

ಬೆಳಗಿನ ಐದೂಕಾಲು. ಮೆರ್ಬಾಬು ಬೆಟ್ಟ ಇನ್ನೂ ಮಂಜಿನ ಮುಸುಕೆಳೆದು ಮಲಗಿದೆ. ಜಾವಾ ದ್ವೀಪದ ಸಾಲತಿಗ ಊರಿನ ಮೇಲ್ಗಡೆ ರಸ್ತೆಯಲ್ಲಿರುವ ಪ್ರಾಣಿಗಳ ಆಸ್ಪತ್ರೆಯ ಹಿತ್ತಲಲ್ಲಿ, ಪನ್ನೇರಳೆ ಮರದ ಕೆಳಗೆ, ಹಸಿರು ಸಮವಸ್ತ್ರದ ಹೆಂಗಸೊಬ್ಬರು ಕುಕ್ಕರುಗಾಲಲ್ಲಿ ಕೂತು ಜರಡಿ ಆಡಿಸುತ್ತಿದ್ದಾರೆ. ತಲೆಗೆ ಕಂದು ವಸ್ತ್ರ, ಮೊಣಕೈವರೆಗೆ ಮಡಚಿದ ತೋಳು. ದೂರದಿಂದ ನೋಡಿದವರಿಗೆ ಕಡುಬಿಗೆ ಹಿಟ್ಟು ಸಾಣಿಸುತ್ತಿದ್ದಾರೆ ಅನ್ನಿಸಬೇಕು. ಹತ್ತಿರ ಹೋದರೆ ಮೊರದ ಮೇಲೆ ಬೀಳುತ್ತಿರುವುದು ಹಿಟ್ಟಲ್ಲ, ಮಣ್ಣು. ನಿನ್ನೆಯ ಬಿಸಿಲಿಗೆ ಒಣಗಿದ, ಕಲ್ಲು ಬೇರು ಏನೂ ಇಲ್ಲದ, ಮುಟ್ಟಿದರೆ ಅರಿಸಿನದ ಪುಡಿಯಂತೆ ಬೆರಳಿಗೆ ಅಂಟುವ ಮಣ್ಣು.

ಜರಡಿಯಲ್ಲಿ ಒಂದು ಇರುವೆ ಉಳಿದುಕೊಂಡಿದೆ. ಅವರು ಅದನ್ನು ಕಿರುಬೆರಳಿಗೆ ಹತ್ತಿಸಿಕೊಂಡು ಮರದ ಬುಡಕ್ಕೆ ಬಿಡುತ್ತಾರೆ. "ಹೋಗು ಮಾರಾಯ್ತಿ. ನಿನಗೆ ಇವತ್ತು ಅಪಾಯಿಂಟ್‌ಮೆಂಟ್ ಇಲ್ಲ."

ಇವರು ಪಾರ್ತಿನಾ. ವಯಸ್ಸು ಐವತ್ತಮೂರು. ಈ ಆಸ್ಪತ್ರೆಯ ಅತ್ಯಂತ ಹಳೆಯ ನರ್ಸ್. ಇಲ್ಲಿ ಎಲ್ಲರ ಬಾಯಲ್ಲೂ ಬರೀ 'ಬು'. ಅಮ್ಮ ಅಂದುಕೊಳ್ಳಿ, ದೊಡ್ಡವರು ಅಂದುಕೊಳ್ಳಿ, ಎರಡೂ ಅದರೊಳಗಿದೆ. ಹತ್ತೊಂಬತ್ತು ವರ್ಷದಿಂದ ಅವರ ದಿನ ಶುರುವಾಗುವುದು ಹೀಗೆ ಮಣ್ಣು ಸಾಣಿಸುವುದರಿಂದ. ಸಾಣಿಸಿದ ಮಣ್ಣು ಮುಚ್ಚಳದ ಗಡಿಗೆಗೆ ಹೋಗುತ್ತದೆ. ಗಡಿಗೆಯ ಪಕ್ಕದಲ್ಲಿ ಕಲ್ಲುಕಟ್ಟೆ, ಕಟ್ಟೆಯ ಮೇಲೆ ಹೊಟ್ಟೆ ದೊಡ್ಡದಾದ ಒಂದು ನೀರಿನ ಗುಡಾಣ. ಗುಡಾಣದ ಪಕ್ಕೆಯಲ್ಲಿ ತೂತು, ತೂತಿಗೊಂದು ಬಿದಿರಿನ ಬಿರಡೆ. ಬಿರಡೆ ಕಿತ್ತರೆ ಹೆಬ್ಬೆರಳ ಗಾತ್ರದ ನೀರು ಬರುತ್ತದೆ. ಆ ನೀರಿಗೆ ಅವಸರ ಅಂದರೆ ಏನೆಂದು ಗೊತ್ತಿಲ್ಲ.

ಆದರೆ ಐದು ವಾರದಿಂದ ಈ ಗಡಿಗೆಗೆ ಯಾರೂ ಕೈ ಹಾಕಿಲ್ಲ. ಗುಡಾಣದ ಹಿಂದೆ ಸಾಲಾಗಿ ಇಟ್ಟಿಗೆ ಪೇರಿಸಿದ್ದಾರೆ. ಇವತ್ತು ಶನಿವಾರ. ಸೋಮವಾರ ಗಾರೆಯವರು ಬಂದು ಕಟ್ಟೆ ಒಡೆಯುತ್ತಾರೆ.

"ಮತ್ತೆ ಯಾಕೆ ಸಾಣಿಸ್ತೀರಿ ಬು?" ಎಂದರೆ ಅವರು ಜರಡಿ ನಿಲ್ಲಿಸದೆ ಹೇಳುತ್ತಾರೆ: "ಕೈ ಕೇಳಲ್ಲ. ಭಾನುವಾರದವರೆಗೂ ಅದರದ್ದು ಸರ್ವಿಸ್ ಇದೆ."

ಈ ಮಣ್ಣಿನ ಕಥೆ ಹೀಗೆ. ನಾಯಿಯ ಜೊಲ್ಲು ಮೈಗೆ ತಾಕಿದರೆ ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಹಾಕಿ. ನಮಾಜಿಗೆ ನಿಲ್ಲುವ ಕೈಗೆ ಇದು ಕಟ್ಟಳೆ. ನಾಯಿಯ ಸಹವಾಸವೇ ಇಲ್ಲದವರಿಗೆ ಇದೊಂದು ಪಾಠದ ಮಾತು ಅಷ್ಟೆ. ದಿನಕ್ಕೆ ಇಪ್ಪತ್ತು ನಾಯಿ ಎತ್ತಿ ಇಳಿಸುವ ಪಾರ್ತಿನಾ ಅವರಿಗೆ ಅದು ಅರ್ಧ ಜೀವನ. "ಗ್ಲೌಸ್ ಹಾಕ್ತೀವಿ, ಇಲ್ಲ ಅಂತಲ್ಲ. ಆದ್ರೆ ನಾಯಿ ಕೆನ್ನೆ ನೆಕ್ಕಿದ್ರೆ? ಕೆನ್ನೆಗೆ ಗ್ಲೌಸ್ ಎಲ್ಲಿ ಸಿಗ್ತದೆ?"

ಅವರು ಹುಟ್ಟಿದ್ದು ಬೆಟ್ಟದ ಮೇಲಿನ ಗೆತಾಸನ್ನಿನಲ್ಲಿ, ಹಾಲು ಕರೆಯುವವರ ಮನೆಯಲ್ಲಿ. ಕರುವಿನ ಕಾಲು ಹೊರಗೆ ಬಂದು ತಲೆ ಸಿಕ್ಕಿಕೊಂಡಾಗ ಅಪ್ಪ ಕರೆಯುತ್ತಿದ್ದದ್ದು ಇವರನ್ನೇ, ಕೈ ಸಣ್ಣದೆಂದು. ಮೂವತ್ತನಾಲ್ಕನೆಯ ವಯಸ್ಸಿಗೆ ಈ ಆಸ್ಪತ್ರೆಗೆ ಬಟ್ಟೆ ಒಗೆಯಲು ಸೇರಿಕೊಂಡರು. ಎರಡನೆಯ ವಾರ, ಯಾರಿಂದಲೂ ಹಿಡಿಯಲಾಗದ ಒಂದು ನಾಯಿ ಇವರ ಮಡಿಲಿಗೆ ಬಂದು ಕೂತಿತು. ಆಗಿದ್ದ ಹಿರಿಯ ಡಾಕ್ಟರು, "ಬಟ್ಟೆ ಬಿಡು, ಇಲ್ಲಿ ಬಾ" ಅಂದರು. ಮುಂದೆ ತರಬೇತಿ, ಪರೀಕ್ಷೆ, ಎದೆಯ ಮೇಲೊಂದು ಬಿಲ್ಲೆ.

ಬಿಲ್ಲೆ ಬಂದ ಮೇಲೆ ಊರಿನಲ್ಲಿ ಬೇರೆಯೇ ಪಾಡು. ಒಂದು ಮದುವೆ ಮನೆ. ನೆರೆಯವರೆಲ್ಲ ಅಡುಗೆಗೆ ಕೈ ಸೇರಿಸಲು ಕೂಡಿದ್ದರು. ಪಾರ್ತಿನಾ ಕಾಯಿ ತುರಿಯಲು ಕೂತರೆ ಯಾರೋ ಮೆಲ್ಲಗೆ ತುರಿಮಣೆ ಎತ್ತಿಕೊಂಡರು. "ನೀನು ಬಾಳೆಲೆ ಒರೆಸು ಪಾರ್ತಿನಾ. ಅದೂ ಬೇಕಲ್ವಾ?" ಅವರು ಎಲೆ ಒರೆಸಿದರು. ಮುನ್ನೂರು ಎಲೆ. ಕೊನೆಗೆ ಬಾಯಿ ಬಿಟ್ಟದ್ದು ಪಕ್ಕದ ಮನೆಯ ಸರ್ಮಿ: "ಅವಳ ಕೈ ಹೊತ್ತಿಗೇಳು ಸಲ ತೊಳೆದ ಕೈ ಕಣ್ರೇ. ನಿಮ್ಮ ಕೈ ಕೊನೇ ಸಲ ನೀರು ಕಂಡಿದ್ದು ಯಾವಾಗ, ಹೇಳಿ ನೋಡೋಣ?" ಎಲ್ಲರೂ ನಕ್ಕರು, ತುರಿಮಣೆ ಮರಳಿ ಬಂತು. ಆ ನಗು ಈಗಲೂ ಪಾರ್ತಿನಾ ಅವರ ಮುಖದಲ್ಲಿ ಒಂದು ಕ್ಷಣ ಬಂದು ಹೋಗುತ್ತದೆ.

ಏಳೂವರೆಗೆ ಬಾಗಿಲು ತೆರೆಯುತ್ತದೆ. ಹದಿನಾಲ್ಕು ಗೂಡು, ಆರು ನರ್ಸುಗಳು, ದಿನಕ್ಕೆ ನಲವತ್ತಕ್ಕೂ ಮೇಲೆ ಪ್ರಾಣಿ. ಆರು ಅನ್ನುವುದು ಬೋರ್ಡಿನ ಮೇಲೆ. ಈಗ ನಿಜವಾಗಿ ಇರುವುದು ಐದು. ವೆನಿಂಗ್ ಅನ್ನುವ ಹುಡುಗಿ ಮೂರು ವಾರದ ಹಿಂದೆ ಬಿಟ್ಟುಹೋದಳು. ಪೇಟೆಯಲ್ಲಿ ಪೌಡರ್, ಲಿಪ್‌ಸ್ಟಿಕ್ ಮಾರುತ್ತಿದ್ದಾಳೆ. ಲಿಪ್‌ಸ್ಟಿಕ್ ಸಾಯುವುದಿಲ್ಲವಲ್ಲ, ಎಂದಳಂತೆ.

ನರ್ಸಿನ ಕೆಲಸವನ್ನು ಹೊರಗಿನವರು ಸೂಜಿ-ಪಟ್ಟಿ ಅಂದುಕೊಳ್ಳುತ್ತಾರೆ. ಅಸಲು ಕೆಲಸ ಹಿಡಿದುಕೊಳ್ಳುವುದು. ರಕ್ತ ತೆಗೆಯುವಾಗ, ಹೊಲಿಗೆ ಹಾಕುವಾಗ, ಹೆರಿಗೆಯಲ್ಲಿ, ಕೊನೆಯ ಸೂಜಿಯಲ್ಲಿ ಪ್ರಾಣಿಯನ್ನು ಎದೆಗೊತ್ತಿ ಹಿಡಿದು ನಿಲ್ಲುವುದು. ವಾರಕ್ಕೆ ಮೂರೋ ನಾಲ್ಕೋ ಉಸಿರು ತೋಳಿನಲ್ಲೇ ನಿಲ್ಲುತ್ತವೆ. ಒಂದನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟು, ಮರುನಿಮಿಷ ಪಕ್ಕದ ಕೋಣೆಗೆ ಹೋಗಿ ಇನ್ನೊಬ್ಬರ ಮುದ್ದು ಮರಿಗೆ "ಅಯ್ಯೋ ಎಷ್ಟು ಚೆಂದ ಇದೀಯಾ!" ಅನ್ನಬೇಕು. ಮರಿ ಚೆಂದವೇ ಇರುತ್ತದೆ. ಮಾತು ಬಾಯಿಂದ ಬರಬೇಕಲ್ಲ.

ಹಾಗೆ ಬರದೇ ಹೋಗುವುದಕ್ಕೆ ಇಲ್ಲಿಯವರು ಇಟ್ಟಿರುವ ಹೆಸರು 'ಗಾಳಿ ಹೊಕ್ಕಿದೆ'. ನೆಗಡಿಯಾದರೂ ಅದೇ, ಹೊಟ್ಟೆ ಉಬ್ಬರಿಸಿದರೂ ಅದೇ, ಬದುಕು ಬೇಸರವಾದರೂ ಅದೇ. "ಸಾದಾ ಗಾಳಿ ಆದ್ರೆ ಬೆನ್ನಿಗೆ ಎಣ್ಣೆ ಹಚ್ಚಿ ನಾಣ್ಯದಲ್ಲಿ ಗೀರಿದ್ರೆ ಹೋಗ್ತದೆ. ಕೆಂಪಗೆ ಪಟ್ಟೆ ಎದ್ದು ಬಿಟ್ಟೋಗ್ತದೆ," ಎನ್ನುತ್ತಾರೆ ಪಾರ್ತಿನಾ. "ಈ ಕೆಲಸದ ಗಾಳಿ ಬೆನ್ನಲ್ಲಿ ಇರಲ್ಲ. ಎಷ್ಟು ಗೀರಿದ್ರೂ ಸಿಗಲ್ಲ."

ಅವರಿಗೇ ಒಮ್ಮೆ ಹೊಕ್ಕಿತ್ತು. ಎಂಟು ವರ್ಷದ ಹಿಂದೆ ನಾಯಿಮರಿಗಳಿಗೆ ರಕ್ತಭೇದಿಯ ಸೋಂಕು ಬಂದಿತ್ತು. ಒಂಬತ್ತು ದಿನದಲ್ಲಿ ಹನ್ನೊಂದು ಮರಿ ಅವರ ಕೈಯಲ್ಲೇ ಹೋದವು. ಹನ್ನೊಂದಕ್ಕೂ ಅವರು ಅಳಲಿಲ್ಲ. ಮನೆಯಲ್ಲಿ ಗಂಡ ಗಿಯೊನೊ ಗಾಡಿಯಲ್ಲಿ ಮಾರಲು ಒಯ್ಯುವ ಶುಂಠಿ ಕಷಾಯಕ್ಕೆ ಇವರು ಬೆಲ್ಲದ ಬದಲು ಉಪ್ಪು ಸುರಿದರು. ಗಿರಾಕಿಗಳು ಬೈದರು, ಗಂಡ ಬೈಯಲಿಲ್ಲ, ಇವರಿಗೆ ಎರಡೂ ಕೇಳಿಸಲಿಲ್ಲ. ಒಂದು ಸಂಜೆ ಬಸ್ ನಿಲ್ದಾಣದಲ್ಲಿ ನಿಂತವರಿಗೆ ತಮ್ಮ ಬಸ್ಸು ಯಾವುದೆಂದೇ ಮರೆತುಹೋಯಿತು.

ಹತ್ತನೆಯ ದಿನ ಗುಡಾಣದ ಮುಂದೆ ಕೈ ತೊಳೆಯುತ್ತಿದ್ದರು. ಇದು ಮೂರನೆಯದೋ ನಾಲ್ಕನೆಯದೋ? ಲೆಕ್ಕ ತಪ್ಪಿತು. ತಪ್ಪಿದರೆ ಮತ್ತೆ ಮೊದಲಿನಿಂದ. ಮಣ್ಣು ಹಾಕಿದರು, ಒಂದು, ಎರಡು... ಮತ್ತೆ ತಪ್ಪಿತು. ಮತ್ತೆ ಮಣ್ಣು. ಒಳಗಿನಿಂದ ಯಾರೂ ಕರೆಯಲಿಲ್ಲ, ಎಲ್ಲರೂ ಅವರವರ ಮರಿ ಹಿಡಿದು ನಿಂತಿದ್ದರು. ಎಷ್ಟು ಹೊತ್ತು ನಿಂತರೋ, ಬಿರಡೆ ಕಿತ್ತು, ಕೈಯೊಡ್ಡಿ, ಬಿರಡೆ ಮುಚ್ಚಿ. ನಡುವೆ ಎಲ್ಲೋ ಕಣ್ಣು ಹರಿಯತೊಡಗಿತು. ಕೊನೆಗೆ ಏಳು ತುಂಬಿತು. ಸೆರಗಿಲ್ಲದ ಸಮವಸ್ತ್ರ, ಅಂಗಿಯ ತುದಿಗೇ ಕೈ ಒರೆಸಿಕೊಂಡರು. ಆಗ ಬೀದಿಯಿಂದ ತೆಂಪೆ ಬಜ್ಜಿಯ, ಅಂದರೆ ಹುದುಗಿಸಿದ ಸೋಯಾ ಕಾಳಿನ ಬಜ್ಜಿಯ, ವಾಸನೆ ಬಂತು. ಒಂಬತ್ತು ದಿನದಲ್ಲಿ ಮೊದಲ ಸಲ ಹಸಿವಾಯಿತು.

"ಐದು ಬಜ್ಜಿ ತಿಂದೆ, ನಿಂತ್ಕೊಂಡೇ. ಹಸಿಮೆಣಸಿನಕಾಯಿ ಕಚ್ಕೊಂಡು."

ಅಂದಿನಿಂದ ಅವರು ಒಂದು ನಿಯಮ ಮಾಡಿದರು. ಬರೆದದ್ದಲ್ಲ, ಗೋಡೆಗೆ ಅಂಟಿಸಿದ್ದಲ್ಲ. ಯಾರ ತೋಳಿನಲ್ಲಿ ಉಸಿರು ನಿಂತಿತೋ ಅವರು ಹಿತ್ತಲಿಗೆ ಹೋಗಬೇಕು. ನಾಯಿಯಾಗಲಿ, ಬೆಕ್ಕಾಗಲಿ, ಮೊಲವಾಗಲಿ. ಏಳು ತುಂಬುವವರೆಗೆ ಅವರನ್ನು ಯಾರೂ ಕರೆಯುವಂತಿಲ್ಲ. ಡಾಕ್ಟರೂ ಇಲ್ಲ, ಫೋನೂ ಇಲ್ಲ. ಏಳು ಮುಗಿಸಿ ಏನಾದರೂ ತಿಂದು ಒಳಗೆ ಬರಬೇಕು.

ಅಜ್ಜಿಯರ ಕಥೆಗಳಲ್ಲಿ ರಾಜಕುಮಾರ ಏಳು ಸಮುದ್ರ ದಾಟಿದ ಮೇಲೆಯೇ ಗಿಳಿ ಸಿಗುವುದು. ಆರಕ್ಕೇ ಯಾರಿಗೂ ಸಿಕ್ಕಿದ್ದಿಲ್ಲ. ಏಳರಲ್ಲಿ ಏನಿದೆ ಎಂದು ಕೇಳಿದರೆ ಪಾರ್ತಿನಾ ಬೆರಳು ಮಡಚುತ್ತಾರೆ: "ಮೊದಲನೇದು ಮಣ್ಣು, ಅದರಲ್ಲಿ ಏನೂ ಕಾಣಲ್ಲ. ಎರಡು, ಮೂರಕ್ಕೆ ಆ ಪ್ರಾಣಿ ನೆನಪಾಗ್ತದೆ. ನಾಲ್ಕಕ್ಕೆ ಅದರ ಮನೆಯವರ ಮುಖ. ಐದು, ಆರು ಸುಮ್ನೆ ನೀರು. ಏಳಕ್ಕೆ ಹಸಿವಾಗ್ತದೆ. ಆಗದಿದ್ರೆ ಮತ್ತೆ ಒಂದರಿಂದ." ಏಳಕ್ಕೂ ಹಸಿವಾಗದ ಹುಡುಗಿಯರನ್ನು ಅವರು ಆ ವಾರ ಹಿಡಿಯುವ ಸರದಿಯಿಂದ ಬಿಡಿಸಿ ಲಸಿಕೆಯ ಕೋಣೆಗೆ ಹಾಕುತ್ತಾರೆ. ಮರಿಗಳು, ಮಕ್ಕಳು, ಗದ್ದಲ. ಬೇರೆ ಔಷಧಿ ಇಲ್ಲ.

ಲಿಂತಾಂಗ್ ಎಂಬ ಇಪ್ಪತ್ತಾರರ ಹುಡುಗಿ ಕೆಲಸಕ್ಕೆ ಬಂದ ಮೊದಲ ತಿಂಗಳು ಜಗಳ ತೆಗೆದಿದ್ದಳು. "ನಾನು ಕ್ರಿಶ್ಚಿಯನ್ ಬು! ನನಗ್ಯಾಕೆ ಈ ಮಣ್ಣು?"

"ನಾಯಿಗೆ ಗೊತ್ತಾ ನೀನು ಕ್ರಿಶ್ಚಿಯನ್ ಅಂತ?"

"ಗೊತ್ತಿಲ್ಲ."

"ಮತ್ತೆ? ತೊಳಿ."

ಅವಳು ತೊಳೆದಳು. ನಾಲ್ಕು ವರ್ಷ ತೊಳೆದಳು. ಮೊದಲೆಲ್ಲ ಇಲ್ಲಿಗೆ ಬಂದ ನರ್ಸು ಒಂದು ವರ್ಷ ನಿಂತರೆ ಹೆಚ್ಚು. ನಿಯಮ ಬಂದ ಮೇಲೆ ಮೂರು ವರ್ಷಕ್ಕಿಂತ ಮೊದಲು ಯಾರೂ ಬಿಟ್ಟುಹೋದದ್ದಿಲ್ಲ. ಈ ಐದು ವಾರದವರೆಗೆ.

ಐದು ವಾರದ ಹಿಂದೆ ಆದದ್ದರಲ್ಲಿ ಕೆಟ್ಟವರು ಯಾರೂ ಇಲ್ಲ. ಆಸ್ಪತ್ರೆ ಈಗ ನಡೆಸುತ್ತಿರುವ ಡಾಕ್ಟರ್ ಕಿನಾಸಿಹ್, ನಲವತ್ತೆರಡರ ಹೆಂಗಸು, ದೊಡ್ಡ ನಗರದ ಒಂದು ಸಮ್ಮೇಳನಕ್ಕೆ ಹೋಗಿದ್ದರು. ಅಲ್ಲಿ ಪ್ರಾಣಿಗಳ ನರ್ಸುಗಳು ಯಾಕೆ ಸೋತು ಸುಣ್ಣವಾಗುತ್ತಾರೆ ಎಂದು ದಿನವಿಡೀ ಮಾತು. ಅವರ ಕೆಲಸ ಹಗುರ ಮಾಡಿ, ಸಮಯ ಉಳಿಸಿ, ಕೂರಲು ಜಾಗ ಕೊಡಿ ಅಂದರು. ಡಾಕ್ಟರ್ ಅತ್ತುಬಿಟ್ಟರಂತೆ. ಮರಳಿ ಬಂದವರೇ ಒಂದು ವಾರ ಗಡಿಯಾರ ಹಿಡಿದು ಲೆಕ್ಕ ಹಾಕಿದರು. ತನ್ನ ಹುಡುಗಿಯರು ದಿನಕ್ಕೆ ಒಂದೂವರೆ ಗಂಟೆ ಕೈ ತೊಳೆಯುವುದರಲ್ಲೇ ಕಳೆಯುತ್ತಾರೆ! ಪಾಪ!

ಮರುವಾರ ಗೋಡೆಗೆ ಒಂದು ಡಬ್ಬಿ ಬಂತು. ಜೇಡಿಮಣ್ಣು ಬೆರೆಸಿದ ದ್ರವ ಸೋಪು. ಮಣ್ಣಿನ ಕಟ್ಟಳೆಗೂ ಸರಿ ಎಂದು ಮೇಲೆ ಮುದ್ರೆಯೂ ಇದೆ. ಎರಡು ಸಲ ಒತ್ತು, ನಲ್ಲಿ ತಿರುಗಿಸು, ಏಳು ಎಣಿಸು, ಅರ್ಧ ನಿಮಿಷಕ್ಕೆ ಕೆಲಸ ಮುಗಿಯಿತು. ಹಿತ್ತಲ ಹಳೇ ಕಟ್ಟೆ ಒಡೆದು ಅಲ್ಲಿ ನರ್ಸುಗಳಿಗೆಂದೇ ಒಂದು ವಿಶ್ರಾಂತಿ ಕೋಣೆ. ಎ.ಸಿ., ಸೋಫಾ. ಸಂಭ್ರಮದಿಂದ ನಕ್ಷೆ ಬಿಡಿಸಿ ತೋರಿಸುತ್ತ ಡಾಕ್ಟರ್ ಕೇಳಿದರು: "ಹೇಗಿದೆ ಬು? ಚೆನ್ನಾಗಿದೆ ಅಲ್ವಾ?"

ಪಾರ್ತಿನಾ ತಲೆ ಬಾಗಿಸಿ ಅಂದರು: "ಇಂಗ್ಗೀ, ದೊಕ್."

ಜಾವಾದ ಮಣ್ಣಿನಲ್ಲಿ ಹುಟ್ಟಿದವರಿಗೆ ಈ 'ಇಂಗ್ಗೀ' ಹೇಗೆಂದರೆ, ಉಸಿರಾಡಿದ ಹಾಗೆ. ದೊಡ್ಡವರು, ಓದಿದವರು, ಕೆಲಸ ಕೊಟ್ಟವರು ಏನು ಕೇಳಿದರೂ ಮೊದಲು ಬರುವುದು ಅದೇ. ಹೌದು ಎಂದರೂ ಇಂಗ್ಗೀ, ಕೇಳಿಸಿತು ಎಂದರೂ ಇಂಗ್ಗೀ, ನನ್ನ ಎದೆ ಒಡೆಯುತ್ತಿದೆ ಎಂದರೂ ಇಂಗ್ಗೀ. ಅದರ ಎದುರು ಮಾತು 'ಬೊತೆನ್'. ಇಲ್ಲ, ಬೇಡ. ಅದೂ ಮೆದು ಮಾತೇ. ಆದರೂ ಹತ್ತೊಂಬತ್ತು ವರ್ಷದಲ್ಲಿ ಪಾರ್ತಿನಾ ಅದನ್ನು ಯಾವ ಡಾಕ್ಟರಿಗೂ ಹೇಳಿದ್ದಿಲ್ಲ.

"ಅವರು ಎಷ್ಟು ಪ್ರೀತಿಯಿಂದ ತಂದಿದ್ರು ಗೊತ್ತಾ," ಎನ್ನುತ್ತಾರೆ, ಗಡಿಗೆಯ ಮುಚ್ಚಳ ಒರೆಸುತ್ತ. "ಆ ಮುಖ ನೋಡ್ಕೊಂಡು ಹೆಂಗೆ ಬೇಡ ಅನ್ನೋದು? ತಪ್ಪು ನಂದೇ. ಅವರಿಗೆ ಇದು ಕೈ ತೊಳೆಯೋ ಜಾಗ ಅಂತ ಗೊತ್ತಿತ್ತು ಅಷ್ಟೆ. ಇನ್ನೇನು ಅಂತ ನಾನು ಹೇಳಿರಲೇ ಇಲ್ಲ."

ಉಳಿದ ಒಂದೂವರೆ ಗಂಟೆ ಎಲ್ಲಿಗೆ ಹೋಯಿತು? ಇನ್ನಷ್ಟು ಪ್ರಾಣಿಗಳಿಗೆ. ನಲವತ್ತು ಇದ್ದದ್ದು ನಲವತ್ತೇಳಾಯಿತು. ಉಸಿರು ನಿಂತ ತೋಳು ಎರಡು ಸಲ ಡಬ್ಬಿ ಒತ್ತಿ ನೇರ ಪಕ್ಕದ ಕೋಣೆಗೆ ಹೋಗತೊಡಗಿತು. ಎರಡನೆಯ ವಾರ ವೆನಿಂಗ್ ಹೋದಳು. ನಾಲ್ಕನೆಯ ವಾರ ಓಯೆನ್ ಪ್ರಕರಣ.

ಇಲ್ಲಿ ಕೇಸರಿ ಬಣ್ಣದ ಬೆಕ್ಕಿಗೆ ಹೆಸರಿಡಲು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಊರಿಗೆಲ್ಲ ಓಯೆನ್ನೇ. ಅವತ್ತು ಒಳರೋಗಿಗಳ ಕೋಣೆಯಲ್ಲಿ ಮೂರು ಓಯೆನ್. ಲಿಂತಾಂಗ್ ಆಗಷ್ಟೇ ಒಂದು ಮರಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟು ಬಂದಿದ್ದಳು. ಎರಡನೆಯ ಓಯೆನ್ನಿನ ನೋವಿನ ಔಷಧಿ ಮೂರನೆಯ ಓಯೆನ್ನಿಗೆ ಹೋಯಿತು. ಏನೂ ಆಗಲಿಲ್ಲ. ಬೆಕ್ಕು ಒಂದು ಹಗಲು, ಒಂದು ರಾತ್ರಿ ಸೊಗಸಾಗಿ ಮಲಗಿತು. ಅದರ ಯಜಮಾನಿಯಂತೂ, "ಮನೇಲಿ ಇದು ಇಷ್ಟು ಸಾಧು ಆಗಿದ್ದೇ ಇಲ್ಲ, ಅದೇ ಔಷಧಿ ಸ್ವಲ್ಪ ಮನೆಗೂ ಕೊಡ್ತೀರಾ?" ಎಂದು ಕೇಳಿದರು. ಎಲ್ಲರೂ ನಕ್ಕರು. ಲಿಂತಾಂಗ್ ನಗಲಿಲ್ಲ. ಅವತ್ತೇ ರಾಜೀನಾಮೆ ಬರೆದು ಸಮವಸ್ತ್ರದ ಜೇಬಿನಲ್ಲಿಟ್ಟುಕೊಂಡಳು. ಇವತ್ತಿಗೆ ಹತ್ತು ದಿನ. ಕಾಗದದ ತುದಿ ಜೇಬಿನ ಮೇಲೆ ಬಿಳಿಯಾಗಿ ಕಾಣುತ್ತದೆ. ಎಲ್ಲರೂ ನೋಡಿದ್ದಾರೆ. ಯಾರೂ ಕೇಳಿಲ್ಲ.

ಹತ್ತು ಗಂಟೆಗೆ ಯೊಸಾಫತ್ ಎಂಬ ಹಿರಿಯರು ಬರುತ್ತಾರೆ. ಇಗರ್ಜಿಯಲ್ಲಿ ಆರ್ಗನ್ ನುಡಿಸುವವರು. ಕಂಬಳಿಯಲ್ಲಿ ಸುತ್ತಿ ತಂದಿರುವುದು ತಮ್ಮ ನಾಯಿ ಬ್ಲೆಕಿಯನ್ನು. ಹೆಸರಿಗೆ ಕರಿಯ, ಈಗ ಮೂತಿಯೆಲ್ಲ ಬೂದಿ. ಹದಿನೈದು ವರ್ಷ. ಮೂತ್ರಪಿಂಡ ಎರಡೂ ಕೈಕೊಟ್ಟಿವೆ, ನಾಲ್ಕು ದಿನದಿಂದ ನೀರೂ ಇಳಿಯುತ್ತಿಲ್ಲ. ಡಾಕ್ಟರ್ ಕಿನಾಸಿಹ್ ಈ ಊರಿಗೆ ಬಂದ ಮೊದಲ ವಾರ, ತಾಯಿಯ ಹೊಟ್ಟೆಯಲ್ಲಿ ಅಡ್ಡ ನಿಂತಿದ್ದ ಈ ಮರಿಯನ್ನು ಹೊರಗೆಳೆದವರು ಅವರೇ.

ಹಿಡಿಯುವ ಸರದಿ ಲಿಂತಾಂಗಳದ್ದು.

"ನಾನು ಹಿಡೀತೀನಿ, ನೀನು ಬಿಡು," ಎನ್ನುತ್ತಾರೆ ಪಾರ್ತಿನಾ, ಮೆಲ್ಲಗೆ.

"ಬೇಡ ಬು. ನನ್ನ ಸರದಿ." ಅವಳು ಅವರ ಮುಖ ನೋಡುವುದಿಲ್ಲ.

ಬ್ಲೆಕಿ ಕೊನೆಗೆ ಒಂದು ಸಲ ಲಿಂತಾಂಗಳ ಮಣಿಕಟ್ಟು ನೆಕ್ಕುತ್ತದೆ. ಆಮೇಲೆ, ಸೂಜಿ ಹಿಡಿದ ಡಾಕ್ಟರ ಕೈಯನ್ನೂ. ಯೊಸಾಫತ್ ಅದರ ಕಿವಿಯಲ್ಲಿ ಏನೋ ಗುನುಗುತ್ತಿದ್ದಾರೆ. ಗುನುಗು ನಿಲ್ಲುವ ಮೊದಲೇ ಉಸಿರು ನಿಲ್ಲುತ್ತದೆ. ಅವರು ಪೂರ್ತಿ ಮುಗಿಸುವವರೆಗೆ ಎಲ್ಲರೂ ನಿಂತೇ ಇರುತ್ತಾರೆ.

ಹೊರಗಿನ ಮೇಜಿನಿಂದ ಚೀಟಿ ಬರೆಯುವ ಹುಡುಗ ತೆಗಾರ್‌ನ ಗಂಟಲು: "ಲಿಂತಾಂಗಕ್ಕಾ! ಎರಡನೇ ಕೋಣೆ! ಲಸಿಕೆ, ಮೂರು ಮರಿ!"

ಲಿಂತಾಂಗ್ ಗೋಡೆಯ ಡಬ್ಬಿಯ ಮುಂದೆ ನಿಲ್ಲುತ್ತಾಳೆ. ಅವಳ ಹಿಂದೆ ಡಾಕ್ಟರ್. ಒತ್ತುತ್ತಾಳೆ. ಪುಸ್ಸ್. ಮತ್ತೆ ಒತ್ತುತ್ತಾಳೆ. ಪುಸ್ಸ್. ಜೇಡಿ ತಳಕ್ಕೆ ಕೂತು ಮೂತಿ ಕಟ್ಟಿಕೊಂಡಿದೆ. ಡಾಕ್ಟರ್ ಮುಂದೆ ಬಂದು ತಾವೇ ಒತ್ತುತ್ತಾರೆ, ಗುದ್ದುತ್ತಾರೆ, ಮತ್ತೆ ಗುದ್ದುತ್ತಾರೆ. ಡಬ್ಬಿಗೆ ಅಷ್ಟು ಜೋರಾಗಿ ಗುದ್ದುವ ಅಗತ್ಯ ಇರಲಿಲ್ಲ.

"ಹಿತ್ತಲಲ್ಲಿ ನೀರಿದೆ, ದೊಕ್," ಎನ್ನುತ್ತಾರೆ ಪಾರ್ತಿನಾ ಬಾಗಿಲಲ್ಲಿ ನಿಂತು.

ಇಟ್ಟಿಗೆ ಸಾಲು ದಾಟಿ ಮೂವರೂ ಗುಡಾಣದ ಮುಂದೆ ಬರುತ್ತಾರೆ. ಇಬ್ಬರ ಕೈಗೂ ಪಾರ್ತಿನಾ ಒಂದೊಂದು ಚಿಟಿಕೆ ಮಣ್ಣು ಹಾಕುತ್ತಾರೆ, ಬೆಳಗ್ಗೆ ಸಾಣಿಸಿದ್ದು. ಬಿರಡೆ ಕೀಳುತ್ತಾರೆ. "ಒಂದು."

"ಲಿಂತಾಂಗಕ್ಕಾ!" ಒಳಗಿನಿಂದ ತೆಗಾರ್.

"ಮಣ್ಣಲ್ಲಿ ಇದ್ದಾಳೆ!" ಪಾರ್ತಿನಾ ಕೂಗುತ್ತಾರೆ. ಐದು ವಾರದಿಂದ ಕೇಳಿರದ ಮಾತು. ಒಳಗೆ ತಟ್ಟನೆ ಸದ್ದಡಗುತ್ತದೆ. ಆಮೇಲೆ ಫೋನು ಬಡಿದುಕೊಳ್ಳುತ್ತದೆ, ಬಡಿದುಕೊಂಡು ಬಡಿದುಕೊಂಡು ತಾನೇ ಸುಮ್ಮನಾಗುತ್ತದೆ. ಮೂರು ಮರಿಗಳು ತಮ್ಮ ಪಾಡಿಗೆ ಕುಂಯ್‌ಗುಡುತ್ತಿವೆ. ಯಾರ ಲೋಕವೂ ಮುಳುಗುವುದಿಲ್ಲ.

"ಎರಡು," ಎಂದು ಬಿರಡೆ. "ಮೂರು," ಎಂದು ಬಿರಡೆ. ಮಣ್ಣಿನ ನೀರು ಕಟ್ಟೆಯಿಂದಿಳಿದು ಪನ್ನೇರಳೆಯ ಬುಡಕ್ಕೆ ಹರಿಯುತ್ತದೆ.

ನಾಲ್ಕಕ್ಕೆ ಡಾಕ್ಟರ್ ಕಿನಾಸಿಹ್ ಕೈಯೊಡ್ಡಿಕೊಂಡೇ ಹೇಳುತ್ತಾರೆ, ಯಾರಿಗೂ ಅಲ್ಲದ ಹಾಗೆ: "ಅಂಗೈಯಷ್ಟಿತ್ತು ಅದು. ಹಿರಿ ಡಾಕ್ಟರು ಊರಲ್ಲಿ ಇರಲಿಲ್ಲ. ನೀವೇ ಅಲ್ವಾ ಬು, 'ಎಳೀರಿ ದೊಕ್, ನಾನಿದೀನಿ' ಅಂದಿದ್ದು?"

"ಇಂಗ್ಗೀ," ಎನ್ನುತ್ತಾರೆ ಪಾರ್ತಿನಾ. ಇದು ನಿಜವಾದ ಇಂಗ್ಗೀ. "ಐದು."

ಲಿಂತಾಂಗ್ ಅಳುತ್ತಿದ್ದಾಳೆ. ಮೂಗು ಒರೆಸಲು ಕೈ ಖಾಲಿಯಿಲ್ಲ, ಭುಜಕ್ಕೆ ಉಜ್ಜಿಕೊಳ್ಳುತ್ತಾಳೆ. ಬಗ್ಗಿದವಳ ಜೇಬಿನಿಂದ ಕಾಗದ ಜಾರಿ ಕಟ್ಟೆಯ ಮೇಲೆ ಬೀಳುತ್ತದೆ, ಅಲ್ಲಿಂದ ಕೆಸರಿಗೆ. ಮೂವರೂ ಅದನ್ನು ನೋಡುತ್ತಾರೆ. ಯಾರೂ ಎತ್ತಿಕೊಳ್ಳುವುದಿಲ್ಲ, ಏಳು ಇನ್ನೂ ತುಂಬಿಲ್ಲ.

ಆರು. ಸುಮ್ಮನೆ ನೀರು.

ಏಳು.

ಡಾಕ್ಟರ್ ಒದ್ದೆ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದು ನಿಂತಿದ್ದಾರೆ. ತಲೆಯೆತ್ತಿ ಮರ ನೋಡುತ್ತಾರೆ. ಆಮೇಲೆ ತುಸು ನಾಚಿಕೆಯಿಂದ, "ಬು, ಈ ಹೊತ್ತಲ್ಲಿ ಹೇಳಬಾರದು... ಹಸಿವಾಗ್ತಿದೆ," ಎನ್ನುತ್ತಾರೆ.

ಪಾರ್ತಿನಾ ಬಿರಡೆ ಬಿಗಿಯುತ್ತಾರೆ. ಬೆನ್ನು ತಿರುಗಿಸಿಕೊಂಡೇ, ಗುಡಾಣಕ್ಕೆ ಹೇಳುವಂತೆ, ಹೇಳುತ್ತಾರೆ:

"ಬೊತೆನ್, ದೊಕ್."

"ಏನು ಬು? ಊಟ ಬೇಡ್ವಾ?"

"ಊಟಕ್ಕಲ್ಲ. ಐದು ವಾರದ ಹಿಂದೆ ಕೇಳಿದ್ರಲ್ಲ, ಹೇಗಿದೆ ಬು, ಚೆನ್ನಾಗಿದೆ ಅಲ್ವಾ ಅಂತ." ಅವರ ದನಿ ಸಣ್ಣಗಾಗುತ್ತದೆ. "ಅದಕ್ಕೆ."

ಡಾಕ್ಟರ್ ಇಟ್ಟಿಗೆಗಳನ್ನು ನೋಡುತ್ತಾರೆ. ಗುಡಾಣವನ್ನು, ಮಣ್ಣಿನ ಗಡಿಗೆಯನ್ನು, ಕೆಸರಲ್ಲಿ ಶಾಯಿ ಬಿಡುತ್ತಿರುವ ಕಾಗದವನ್ನು. ಗಡಿಯಾರ ಹಿಡಿದು ತಾನು ಎಣಿಸಿದ್ದು ಏನನ್ನು ಎಂಬುದು ಅವರ ಮುಖದ ಮೇಲೆ ನಿಧಾನವಾಗಿ ಮೂಡುತ್ತದೆ. "ಐದು ವಾರ ಬು!" ಎನ್ನುತ್ತಾರೆ ಕೊನೆಗೆ. "ಅವತ್ತೇ ಹೇಳೋಕೆ ಏನಾಗಿತ್ತು?"

"ನೀವು ನಗ್ತಾ ಇದ್ರಿ."

ಮೊದಲು ನಕ್ಕವಳು ಲಿಂತಾಂಗ್, ಮೂಗು ಸೋರಿಸಿಕೊಂಡೇ. ಆಮೇಲೆ ಡಾಕ್ಟರ್. ಇಟ್ಟಿಗೆಯ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು. ಅದರಲ್ಲಿ ಬ್ಲೆಕಿಯ ಪಾಲೆಷ್ಟು, ನಗುವಿನ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ.

ತೆಂಪೆ ಬಜ್ಜಿ ಬರುತ್ತದೆ, ಬಿಸಿಯಾಗಿ, ಹಸಿಮೆಣಸಿನಕಾಯಿ ಸಮೇತ. ಹೊರಗೆ ಕೂತ ಯೊಸಾಫತ್ ಅವರಿಗೂ ಒಂದು ತಟ್ಟೆ ಹೋಗುತ್ತದೆ. ಅವರು ಬೇಡ ಎನ್ನುತ್ತಾರೆ, ಆಮೇಲೆ ಎರಡು ತಿನ್ನುತ್ತಾರೆ. ಲಿಂತಾಂಗ್ ಕೆಸರಿನ ಕಾಗದವನ್ನು ಎರಡು ಬೆರಳಲ್ಲಿ ಎತ್ತಿ ನೋಡುತ್ತಾಳೆ. ತಾರೀಖೊಂದು ಬಿಟ್ಟು ಏನೂ ಉಳಿದಿಲ್ಲ.

"ಮತ್ತೆ ಬರೀಬೇಕು," ಎನ್ನುತ್ತಾಳೆ. "ನಾಳೆ ಬರೀತೀನಿ."

"ನಾಳೆ ಭಾನುವಾರ," ಎನ್ನುತ್ತಾರೆ ಪಾರ್ತಿನಾ. "ನಿನಗೆ ಇಗರ್ಜಿ ಇದೆ."

"ಸೋಮವಾರ."

"ಸೋಮವಾರ ನಿನಗೆ ಲಸಿಕೆ ಕೋಣೆ. ಇಡೀ ವಾರ ಲಸಿಕೆ ಕೋಣೆ. ಬರೆಯೋಕೆ ಪುರುಸೊತ್ತು ಎಲ್ಲಿ?"

ಅವಳು ಇನ್ನೊಂದು ಬಜ್ಜಿ ತೆಗೆದುಕೊಳ್ಳುತ್ತಾಳೆ. ಅದು ಒಪ್ಪಿಗೆಯೋ ಅಲ್ಲವೋ ಪಾರ್ತಿನಾ ಕೇಳಲು ಹೋಗುವುದಿಲ್ಲ. ಎಷ್ಟನೆಯ ಬಜ್ಜಿ ಎಂದು ಮಾತ್ರ ಎಣಿಸುತ್ತಾರೆ. ನಾಲ್ಕನೆಯದು.

ಗಾರೆಯವರಿಗೆ ಡಾಕ್ಟರ್ ಅಲ್ಲೇ ನಿಂತು ಫೋನು ಮಾಡುತ್ತಾರೆ. ಸೋಮವಾರ ಬನ್ನಿ, ಆದರೆ ಒಡೆಯಲು ಬೇಡ. ಸೋಫಾದ ಕೋಣೆ ಉಗ್ರಾಣದ ಪಕ್ಕಕ್ಕೆ. ಈ ಇಟ್ಟಿಗೆಯಲ್ಲಿ ಕಟ್ಟೆಗೊಂದು ಮೆಟ್ಟಿಲು, ನಿಂತವರಿಗೆ ಕಾಲು ಕೆಸರಾಗದ ಹಾಗೆ. ಫೋನು ಇಟ್ಟು ಕೇಳುತ್ತಾರೆ: "ಇನ್ನೇನಾದ್ರೂ ಬೇಕಾ ಬು? ಈಗಲೇ ಹೇಳಿಬಿಡಿ. ಇನ್ನೈದು ವಾರ ಕಾಯೋಕೆ ನನ್ನ ಕೈಲಾಗಲ್ಲ."

ಪಾರ್ತಿನಾ ಗುಡಾಣದ ಮೇಲೆ ಬಿದ್ದ ಎಲೆಯೊಂದನ್ನು ತೆಗೆದು ಹಾಕುತ್ತಾರೆ. ಹತ್ತೊಂಬತ್ತು ವರ್ಷದಲ್ಲಿ ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ.

"ಒಂದು ತಗಡು," ಎನ್ನುತ್ತಾರೆ. "ಗುಡಾಣದ ಮೇಲಕ್ಕೆ. ಮಳೆಗಾಲದಲ್ಲಿ ಹುಡುಗೀರು ನೆನೀತಾ ತೊಳೀತಾರೆ. ಮಳೆ ಜೋರಾದ್ರೆ ಐದಕ್ಕೇ ಒಳಗೆ ಓಡಿಬಿಡ್ತಾರೆ, ಏಳು ಆಗೋದೇ ಇಲ್ಲ."

ಡಾಕ್ಟರ್ ಎದ್ದು ನಿಲ್ಲುತ್ತಾರೆ. ದೊಡ್ಡವರ ಮುಂದೆ ಚಿಕ್ಕವರು ಬಾಗಿಸುವ ಹಾಗೆ ತಲೆ ಬಾಗಿಸುತ್ತಾರೆ.

"ಇಂಗ್ಗೀ, ಬು."

ಸಂಜೆ ಪಾಳಿ ಮುಗಿಸಿ ಪಾರ್ತಿನಾ ನಾಳೆಗೆಂದು ಮರದ ಬುಡದಿಂದ ಮಣ್ಣು ಅಗೆದು ಮೊರದ ಮೇಲೆ ಹರಡುತ್ತಾರೆ. ತಗಡು ಬರುತ್ತದಾ ಬು, ಎಂದರೆ ಬೆರಳಿನ ಮಣ್ಣು ಉಜ್ಜುತ್ತ ನಗುತ್ತಾರೆ.

"ಆ ಇಂಗ್ಗೀ ನಿಜವಾದ್ದೋ, ನನ್ನ ಥರದ್ದೋ, ಮಳೆ ಬಂದಾಗ ಗೊತ್ತಾಗ್ತದೆ."